ತಿಪಟೂರಿನ ಚೆನ್ನಿಗ ಸೌಂಡ್ ಕಾರ್ಡ್ ತಂದಿದ್ದು

ಹಾಡು ನುಂಗುತ್ತೆ, ಹೊಟ್ಟೆ ತುಂಬಲ್ಲ. ಕೊಂಡವನನ್ನೇ ಮಲಗಿಸುತ್ತೆ. ಏನು ಹೇಳಿ? ಗೊತ್ತಾಗಲ್ಲ ಬಿಡಿ! ನಮ್ಮ ಮೇಷ್ಟ್ರಿಗೇ ಗೊತ್ತಾಗದೆ ನನ್ನನ್ನ ಬೆಂಚಿನ ಮೇಲೆ ನಿಲ್ಲಿಸಿದರು. ಕತೆ ಕೇಳಿ.

ತಿಪಟೂರಲ್ಲಿ ಸಿದ್ಧಗಂಗಮ್ಮ ಅಂತ ಒಬ್ಬಳು. ಕೊಬ್ಬರಿ ಸುಲಿಯೋಳು, ಸುಲೀತಾ ಹಾಡೋಳು. ಅವಳ ಮಗ ಚೆನ್ನಿಗ ಶುದ್ಧ ಪೆದ್ದ. ಏನು ಹೇಳಿದರೆ ಅದೇ ಮಾಡೋನು. "ಅಯ್ಯೋ ನನ್ನ ಕರ್ಮವೇ!" ಅಂತ ಅವಳು ದಿನಾ ಹಣೆ ಚಚ್ಚಿಕೊಳ್ಳೋಳು.

ಅವಳ ಗಂಟಲಲ್ಲಿ ಗಂಟಾಯ್ತು. "ಮುಂದಿನ ವಾರ ಆಪರೇಷನ್. ಆಮೇಲೆ ದನಿ ಹಿಂಗೇ ಇರುತ್ತೆ ಅಂತ ಹೇಳೋಕಾಗಲ್ಲ" ಅಂದರು ಡಾಕ್ಟರು. ಹೊಸಪೇಟೆಯಿಂದ ಮಗಳು ಹೊನ್ನಕ್ಕ ಫೋನಲ್ಲಿ ಅತ್ತಳು. "ಅವ್ವಾ, ನನ್ನ ಕೂಸಿಗೆ ನಿನ್ನ ಜೋಗುಳ ಬೇಕು! ಮನೇಲಿ ನನ್ನ ಹಳೇ ಕಂಪ್ಯೂಟರ್ ಐತೆ. ಮೈಕು, ಹಾಡನ್ನ ಕಂಪ್ಯೂಟರ್ ಒಳಗೆ ಇಳಿಸೋಕೆ ಒಂದು ಸೌಂಡ್ ಕಾರ್ಡ್ ತರಿಸು. ಚೆನ್ನಿಗನಿಗೆ ಗುಂಡಿ ಒತ್ತೋದು ನಾನೇ ಕಲಿಸೀನಿ!"

"ಚೆನ್ನಿಗಾ, ಹೋಗಿ ತಗಂಬಾ. ಕೊಬ್ಬರಿ ಆರಿಸ್ತೀಯಲ್ಲ, ಹಂಗೆ ನೋಡಿ ಆರಿಸು!"

ಕೊಬ್ಬರಿ ಹೆಂಗೆ ಆರಿಸ್ತಾರೆ? ಕಾಯಿ ಅಲ್ಲಾಡಿಸ್ತಾರೆ. ಒಳಗೆ ಲೊಡಲೊಡ ಅಂದರೆ ಒಣಗಿ ಹದವಾಗಿದೆ ಅಂತ. ಚೆನ್ನಿಗ ಇಲಿಯಾಸಣ್ಣನ ಕಂಪ್ಯೂಟರ್ ಅಂಗಡಿಲಿ ಒಂದೊಂದೇ ಸೌಂಡ್ ಕಾರ್ಡ್ ಕಿವಿ ಹತ್ರ ಹಿಡಿದು ಅಲ್ಲಾಡಿಸಿದ. ಸದ್ದಿಲ್ಲ! ಸದ್ದಿಲ್ಲ! ಒಂದು ಮಾತ್ರ ಲೊಡಲೊಡ.

"ಇದೇ ಕೊಡಣ್ಣ!"

"ಲೋ, ಅದು ಬಿದ್ದು ಒಳಗೆಲ್ಲ ಕಳಚಿಕೊಂಡಿದೆ!"

"ಇದೇ ಹದವಾಗಿರೋದು!"

ಮನೇಲಿ ಸಿಕ್ಕಿಸಿದರೆ ಅದಕ್ಕೆ ಜೀವವೇ ಇಲ್ಲ. "ಸದ್ದು ಮಾಡೋದನ್ನ ತರ್ತಾರೇನೋ ಮುಂಡೇದೇ! ತೆಪ್ಪಗಿರೋದನ್ನ ತಗಂಬಾ!"

ಮತ್ತೆ ಹೋದ. ಇಲಿಯಾಸಣ್ಣ ಹೊಸದನ್ನ ಸಿಕ್ಕಿಸಿ "ಹಲೋ ಹಲೋ" ಅಂದ. ಸ್ಪೀಕರೂ "ಹಲೋ ಹಲೋ" ಅಂತು.

"ಬ್ಯಾಡಣ್ಣ! ಇದು ಸದ್ದು ಮಾಡುತ್ತೆ!"

ಇನ್ನೊಂದೂ "ಹಲೋ" ಅಂತು. ಅದೂ ಬ್ಯಾಡ! ಕಡೆಗೆ ಮೂಲೇಲಿದ್ದ ರಟ್ಟಿನ ಡಬ್ಬ ಎತ್ತಿಕೊಂಡ. ತೆಪ್ಪಗಿತ್ತು, ಖಾಲಿ ಇತ್ತಲ್ಲ!

ಅವ್ವ ಡಬ್ಬದೊಳಗೆ ಕೈ ಆಡಿಸಿ ಕೂತೇಬಿಟ್ಟಳು. "ನಾಳೆ ಆಸ್ಪತ್ರೆಗೆ ಸೇರಬೇಕು ಕಣೋ! ನಿನ್ನ ಬುದ್ಧಿ ಓಡಿಸಬ್ಯಾಡ. ಕಿವಿಗೆ ಏನು ಬೀಳುತ್ತೋ ಹಂಗೇ ಮಾಡು!"

ಈ ಸಲ ಇಲಿಯಾಸಣ್ಣನೇ ಮೈಕು, ಕಾರ್ಡು ಎರಡೂ ಆರಿಸಿಕೊಟ್ಟ. "ಅಮ್ಮ ಒಬ್ಬರೇ ಹಾಡೋದು. ಒಂದು ಮೈಕಿನ ಸಣ್ಣದು ಸಾಕು, ದೊಡ್ಡದೆಲ್ಲ ಯಾಕೆ? ಹೆಡ್‌ಫೋನ್ ಹಾಕ್ಕೊಂಡು ಕೇಳಿಸ್ಕೋ. ಕೆಂಪು ದೀಪ ಬಂದರೆ ದನಿ ಜಾಸ್ತಿಯಾಯ್ತು ಅಂತ. ಹಸಿರಿದ್ದರೆ ಸರಿ."

ಅವ್ವ ಮೈಕಿನ ಮುಂದೆ ಕೂತಳು. ಹೊಸಪೇಟೆಗೇ ಕೇಳಿಸಬೇಕು ಅನ್ನೋ ಹಂಗೆ ಕೂಗಿ ಹಾಡಿದಳು. ಕೆಂಪು! ಮತ್ತೆ ಹಾಡಿದಳು. ಮತ್ತೆ ಕೆಂಪು! ಗಂಟಲು ಉರಿಯಿತು. "ಇದೇ ಕಡೇ ಸಲ ಕಣೋ. ಇನ್ನು ನನ್ನ ಕೈಲಾಗಲ್ಲ."

ಚೆನ್ನಿಗ ಗುಂಡಿ ಒತ್ತಿದ, ಹೆಡ್‌ಫೋನ್ ಈಗ ನೆನಪಾಗಿ ಹಾಕ್ಕೊಂಡ.

"ಮಲಗು ನನ್ನ ಮರಿಯೇ, ಮಲಗು..." ಅಂತು ಕಿವಿಯೊಳಗೆ ಅವ್ವನ ದನಿ.

ಕಿವಿಗೆ ಬಿದ್ದಂಗೆ ಮಾಡು ಅಂದಿದ್ದಳಲ್ಲ? ಮಲಗಿಬಿಟ್ಟ!

ಬೈಯೋಕೆ ಅವ್ವ ಬಾಯಿ ತೆರೆದಳು. ಅಷ್ಟು ದೊಡ್ಡ ಆಳು, ಕಾಲು ಮಡಚಿ, ಬಾಯಿ ಬಿಟ್ಟುಕೊಂಡು ಮಲಗಿದಾನೆ. ಬೈಗುಳ ಒಳಗೇ ಹೋಯ್ತು. ಅವನಿಗೆ ಎಚ್ಚರ ಆಗಬಾರದು ಅಂತ ದನಿ ತಗ್ಗಿಸಿದಳು. ತಲೆ ಸವರುತ್ತಾ ಪೂರಾ ಹಾಡಿದಳು. ಅಷ್ಟು ಹೊತ್ತೂ ಹಸಿರು ದೀಪ! ಎದ್ದ ಮೇಲೆ ಚೆನ್ನಿಗ, ಹೊನ್ನಕ್ಕ ಫೋನಲ್ಲಿ ಹೇಳಿದಂಗೇ ಗುಂಡಿ ಒತ್ತಿ ಹಾಡು ಅವಳಿಗೆ ಕಳಿಸಿದ.

ಮಾರನೇ ದಿನ ಹೊನ್ನಕ್ಕನ ಫೋನು. "ಅವ್ವಾ, ಕೇಳುತ್ತಲೇ ಕೂಸು ನಿದ್ದೆ ಹೋಯ್ತು! ಹಿಂದೆ ಗೊರ್ರ್ ಅಂತ ಶ್ರುತಿ ಹಿಡಿದೋರು ಯಾರು?"

"ಇನ್ಯಾರು, ನಿನ್ನ ತಮ್ಮ!"

"ನಗಿಸಬ್ಯಾಡ! ಸದ್ದು ಮಾಡಬ್ಯಾಡಿ, ಕೂಸು ಮಲಗೈತೆ!"

ಇದು ಚೆನ್ನಿಗನ ಕಿವಿಗೆ ಬಿತ್ತು. ಓಡಿದ ಬೀದಿಗೆ! ಹಾರನ್ ಹೊಡೀತಾ ಬರ್ತಿದ್ದ ಬಸ್ಸಿಗೆ ಅಡ್ಡ ನಿಂತು, ತುಟಿ ಮೇಲೆ ಬೆರಳಿಟ್ಟ.

"ಶ್! ಹೊಸಪೇಟೇಲಿ ಕೂಸು ಮಲಗೈತೆ!"

ಬಸ್ಸಿನ ಮಾತು ಸುಳ್ಳು. ನಾನೇ ಕಟ್ಟಿದ್ದು. ನಿಜವಾದ ಕತೇಲಿ ಅವತ್ತು ಅವ್ವನ್ನ ಆಸ್ಪತ್ರೆಗೆ ಕರಕೊಂಡು ಹೋಗ್ತಾರೆ. ಅದನ್ನ ಹೇಳೋಕೆ ನನಗೆ ಮನಸ್ಸಾಗಲಿಲ್ಲ.