ಗಾಳಿ ಸಂಜೆ ಮಲಗಲು ಕಲಿತದ್ದು

ಭೂಮಿ ಆಗಿನ್ನೂ ಹೊಸದು. ಹೊಳೆಗಳು ದಾರಿ ಹುಡುಕಿಕೊಳ್ಳುತ್ತಿದ್ದ ಕಾಲ. ಗಾಳಿಯೂ ತುಂಬ ಎಳೆಯದು. ಅದಕ್ಕೆ ಬೀಸುವುದು ಗೊತ್ತಿತ್ತು, ನಿಲ್ಲುವುದು ಗೊತ್ತಿರಲಿಲ್ಲ. ಬೆಳಗ್ಗೆಯೂ ಬೀಸುತ್ತಿತ್ತು, ಮಧ್ಯಾಹ್ನವೂ ಬೀಸುತ್ತಿತ್ತು, ಸಂಜೆಯೂ ಬೀಸುತ್ತಲೇ ಇತ್ತು.

ಇಂಗ್ಲೆಂಡಿನಲ್ಲಿ ಓಟ್‌ಬರಿ ಎಂಬ ಪುಟ್ಟ ಹಳ್ಳಿ. ಹಳ್ಳಿಯ ಪಕ್ಕ ಹುಲ್ಲು ಹೊದ್ದ ದಿಬ್ಬ. ದಿಬ್ಬದ ಬುಡದಲ್ಲಿ ಹೆಸ್ಟರ್ ಅಜ್ಜಿಯ ಮನೆ. ಊರವರ ಗೋಧಿಯನ್ನೆಲ್ಲ ಅವಳೇ ಬೀಸುಕಲ್ಲಿನಲ್ಲಿ ಬೀಸಿ ಹಿಟ್ಟು ಮಾಡಿಕೊಡುತ್ತಿದ್ದಳು. ಅವಳ ಗಂಡ ಆಂಬ್ರೋಸ್ ತಾತ ಬಡಗಿ.

ಒಂದು ದಿನ ಅಜ್ಜಿ ಬಾಗಿಲ ಬಳಿ ಕೂತು ಬೀಸುತ್ತಿದ್ದಾಗ ಗಾಳಿ ನುಗ್ಗಿ ಬಂದು ಹಿಟ್ಟನ್ನೆಲ್ಲ ಹಾರಿಸಿಬಿಟ್ಟಿತು.

"ಏಯ್! ಭುಜ ಕಳಚಿ ಬೀಳೋ ಹಾಗೆ ಬೀಸಿದ್ದೀನಿ, ನೀನು ಹಾರಿಸ್ತೀಯಾ?"

"ನೀನೂ ಬೀಸ್ತೀಯಾ ಅಜ್ಜಿ?" ಗಾಳಿಗೆ ಖುಷಿಯೋ ಖುಷಿ. "ನಾನೂ ಬೀಸ್ತೀನಿ!"

"ನೀನು ಬೀಸಿದ್ದಕ್ಕೆ ಒಂದು ಹಿಡಿ ಹಿಟ್ಟಾದ್ರೂ ಬಂತಾ?"

ಗಾಳಿ ಪೆಚ್ಚಾಯಿತು. "ಹಾಗಾದ್ರೆ ನನಗೂ ಕಲಿಸು," ಎಂದಿತು.

ಅಜ್ಜಿ ನಗುತ್ತ ಈ ಮಾತನ್ನು ಆಂಬ್ರೋಸ್ ತಾತನಿಗೆ ಹೇಳಿದಳು. ತಾತ ನಗಲಿಲ್ಲ. ಗಡ್ಡ ಕೆರೆದುಕೊಂಡು ಯೋಚಿಸಿದ. ಆಮೇಲೆ ದಿಬ್ಬದ ಮೇಲೆ ಮರದ ಮನೆಯೊಂದನ್ನು ಕಟ್ಟಿದ. ಒಳಗೆ ಎರಡು ದೊಡ್ಡ ಕಲ್ಲು ಕೂರಿಸಿದ. ಹೊರಗೆ ನಾಲ್ಕು ಉದ್ದನೆಯ ರೆಕ್ಕೆ ಜೋಡಿಸಿ, ಅವಕ್ಕೆ ಬಟ್ಟೆ ಬಿಗಿದ. ಅದೇ ಮೊದಲ ಗಾಳಿಗಿರಣಿ.

ಗಾಳಿ ಬಂದು ರೆಕ್ಕೆ ಮುಟ್ಟಿತು. ರೆಕ್ಕೆ ತಿರುಗಿತು, ಕಲ್ಲು ತಿರುಗಿತು, ಬೆಚ್ಚಗಿನ ಹಿಟ್ಟು ಸುರಿಯಿತು. ಊರವರು ಬೊಗಸೆಯಲ್ಲಿ ಹಿಟ್ಟು ಹಿಡಿದು ನೋಡಿದ್ದೇ ನೋಡಿದ್ದು. ಹೆಸ್ಟರ್ ಅಜ್ಜಿಗೆ ಮಾತ್ರ, ಕೆಲಸವಿಲ್ಲದ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ.

ಸಂಜೆ ಹೊತ್ತಿಗೆ ಊರಿನ ಗೋಧಿಯೆಲ್ಲ ಮುಗಿಯಿತು. ಗಾಳಿ ನಿಲ್ಲಲಿಲ್ಲ. ನಡುವೆ ಕಾಳಿಲ್ಲದೆ ಕಲ್ಲಿಗೆ ಕಲ್ಲು ಉಜ್ಜಿತು. ಕಿಡಿ ಹಾರಿತು. ಹಲಗೆಗಳ ಸಂದಿಯಿಂದ ಹೊಗೆ ಬಂತು.

"ಹೆಸ್ಟರ್! ಕಲ್ಲು ನಿಲ್ತಿಲ್ಲ!" ಒಳಗಿಂದ ತಾತ ಕೂಗಿದ. ಅಡ್ಡ ಕೊಟ್ಟ ದೊಣ್ಣೆ ಪಟ್ಟನೆ ಮುರಿದಿತ್ತು.

"ಹೊರಗೆ ಬಂದುಬಿಡಿ!" ದಿಬ್ಬದ ಬುಡದಿಂದಲೇ ಅಜ್ಜಿ ಕೂಗಿದಳು.

"ನಾನು ಬಂದ್ರೆ ಕಿಡಿ ಆರಿಸೋರು ಯಾರು? ಎಲ್ಲ ಉರಿದುಹೋಗುತ್ತೆ!"

ಅಜ್ಜಿ ಏದುಸಿರು ಬಿಡುತ್ತ ದಿಬ್ಬ ಹತ್ತಿದಳು. "ನಿಲ್ಲು ಮಗಾ, ನಿಲ್ಲು!"

"ನಿಲ್ಲೋದು ಅಂದ್ರೇನು ಅಜ್ಜಿ?"

"ಸುಮ್ಮನಾಗೋದು!"

ಗಾಳಿ ನಡುಗಿತು. ರೆಕ್ಕೆಗಳು ಇನ್ನೂ ಜೋರಾಗಿ ತಿರುಗಿದವು. "ಹೊಳೆ ನಿಂತ್ರೂ ನೀರು ಇರುತ್ತೆ. ನಾನು ನಿಂತ್ರೆ ಏನಿರುತ್ತೆ? ನಾನೇ ಇಲ್ಲವಾಗಿಬಿಡ್ತೀನಿ!"

ಗದರಲು ಬಾಯಿ ತೆರೆದ ಅಜ್ಜಿ ಹಾಗೇ ಬಾಯಿ ಮುಚ್ಚಿದಳು. ಅದು ಹಟದ ದನಿಯಲ್ಲ, ಹೆದರಿದ ಮಗುವಿನ ದನಿ. ಒಳಗೆ ಗಂಡ ಕೆಮ್ಮುತ್ತಿದ್ದ. ಆದರೂ ಅವಸರ ತೋರಿಸದೆ ಹುಲ್ಲಿನ ಮೇಲೆ ಕೂತಳು.

"ನನ್ನ ನೋಡು. ದಿನಾ ಸಂಜೆ ಬೀಸೋದು ಬಿಟ್ಟು ಮಲಗ್ತೀನಿ. ಬೆಳಗ್ಗೆ ನಾನು ಇರಲ್ವಾ?"

"ಇರ್ತೀಯ."

"ನೀನೂ ಇರ್ತೀಯ. ಬಾ, ನನ್ನ ಮಡಿಲಲ್ಲಿ ಮಲಗು."

"ನೀನು ಎದ್ದು ಹೋಗಲ್ಲ ತಾನೆ?"

"ನೀನು ಏಳೋವರೆಗೂ ಇಲ್ಲೇ ಇರ್ತೀನಿ ಕಣೋ."

ಗಾಳಿ ಮರದ ತುದಿಗಳಿಂದ ಇಳಿದು ಬಂತು. ಬೇಲಿಯ ಸಂದಿಯಿಂದ, ಹೊಳೆಯ ಮೇಲಿನಿಂದ ಒಂದೊಂದೇ ತುಣುಕಾಗಿ ಬಂತು. ಅಜ್ಜಿಯ ಮಡಿಲ ಬಟ್ಟೆ ಉಬ್ಬಿತು, ಮೆಲ್ಲಗೆ ಇಳಿಯಿತು. ರೆಕ್ಕೆಗಳು ಇನ್ನೊಂದು ಸುತ್ತು ಹೋಗಿ, ಅರ್ಧ ಸುತ್ತು ಹೋಗಿ, ನಿಂತವು.

ಮುಖವೆಲ್ಲ ಮಸಿಯಾಗಿ ಆಂಬ್ರೋಸ್ ತಾತ ಹೊರಗೆ ಬಂದ. "ಒಂದೇ ಒಂದು ಹಲಗೆ ಸುಟ್ಟಿದೆ," ಎಂದು ಪಿಸುಗುಟ್ಟಿ ಅವಳ ಪಕ್ಕ ಕೂತ.

ಜಗತ್ತು ಮೊದಲ ಸಲ ಸದ್ದಿಲ್ಲದೆ ಇತ್ತು. ಕುರಿಗಳು ಹುಲ್ಲು ಮೇಯುವುದು ಕೇಳಿಸಿತು. ಜೇನುಹುಳಗಳು ಗೂಡಿಗೆ ಮರಳುವುದು ಕೇಳಿಸಿತು. "ಅಬ್ಬಾ, ನನ್ನ ದನಿ ಇಷ್ಟು ಚೆನ್ನಾಗಿದೆಯಾ!" ಎಂದಿತು ಹೊಳೆ.

ಅಜ್ಜಿ ಕೊಟ್ಟ ಮಾತು ಉಳಿಸಿಕೊಂಡಳು, ರಾತ್ರಿಯಿಡೀ ಅಲ್ಲೇ ಕೂತಿದ್ದಳು. ಬೆಳಕು ಹರಿದಾಗ ಮಡಿಲಲ್ಲಿ ಏನೋ ಮಿಸುಕಿತು.

"ಅಜ್ಜೀ! ನಾನು ಇದ್ದೀನಿ!" ಗಾಳಿ ಕೂಗುತ್ತ ಊರಿನ ಮರಗಳನ್ನೆಲ್ಲ ಅಲ್ಲಾಡಿಸಿ ಬಂತು.

"ಇದ್ದೀಯಲ್ಲ ಮತ್ತೆ? ನಡಿ, ಪಕ್ಕದೂರಿನ ಗೋಧಿ ಬಂದಿದೆ."

ಆಮೇಲೆ ಆ ದಿಬ್ಬದ ಮೇಲೆ ಇನ್ನೂ ಎರಡು ಗಿರಣಿಗಳು ಎದ್ದವು, ಮುದಿಯಾದವು, ಬಿದ್ದವು. ಈಗ ಉಳಿದಿರುವುದು ತಾತ ಕಟ್ಟಿದ ಮೊದಲನೆಯದೊಂದೇ, ಅದಕ್ಕೂ ರೆಕ್ಕೆಗಳಿಲ್ಲ. ಓಟ್‌ಬರಿಯ ಹಿರಿಯರು ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, "ಹೆಸ್ಟರ್ ಅಜ್ಜಿ ಕೂತದ್ದು ಇಲ್ಲೇ," ಎಂದು ಹುಲ್ಲು ಸವರಿ ತೋರಿಸುತ್ತಾರೆ.

ಅದಕ್ಕೇ ಪುಟ್ಟಾ, ಹೊತ್ತು ಮುಳುಗುವಾಗ ನಮ್ಮ ಅಂಗಳದ ಮರದಲ್ಲಿ ಒಂದೆಲೆಯೂ ಅಲ್ಲಾಡದೆ, ಒಲೆಯ ಹೊಗೆ ನೆಟ್ಟಗೆ ಮೇಲೇರುವುದು ಕಂಡರೆ, ಗಾಳಿ ಆಗತಾನೆ ಮಲಗಿದೆ ಎಂದು ತಿಳಿದುಕೋ.