ಹದಿಮೂರನೆಯ ಜಂತೆ

"ಗುರುಗಳೇ, ನನ್ನಿಂದ ಇನ್ನಾಗುವುದಿಲ್ಲ. ಆ ಒಬ್ಬನನ್ನು ಮಠದಿಂದ ಕಳುಹಿಸಿಬಿಡಬಾರದೇ?" ಎಂದು ಹಿರಿಯ ಶಿಷ್ಯ ಕೇಳಿದ.

ಹೊಸಬರನ್ನು ತಿದ್ದುವ ಕೆಲಸ ಅವನದು. ಒಂಬತ್ತು ವರ್ಷಗಳಿಂದ ಅದನ್ನು ಮಾಡುತ್ತಿದ್ದ. ಅವರ ನಡೆ, ನುಡಿ, ಕೂರುವ ರೀತಿ, ಎಲ್ಲವನ್ನೂ ಒಂದೇ ಅಳತೆಗೆ ತಂದಿದ್ದ. ಚೆನ್ನಮಲ್ಲನೊಬ್ಬ ಮಾತ್ರ ಬಗ್ಗಿರಲಿಲ್ಲ.

"ಕೂರು ಎಂದರೆ ಯಾಕೆ ಎನ್ನುತ್ತಾನೆ. ಯಾಕೆಂದು ಹೇಳಿದರೆ ನಗುತ್ತಾನೆ. ಬೈದೂ ಬೈದೂ ನನಗೇ ಸಾಕಾಗಿದೆ. ಈಗ ಅವನ ಗೊಡವೆಗೇ ಹೋಗುತ್ತಿಲ್ಲ."

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಜೋಳದ ಚೀಲಗಳನ್ನಿಡಲು ಅಟ್ಟ ಕಟ್ಟಿಸಬೇಕೆಂದಿದ್ದ. ಅಟ್ಟದ ಹಲಗೆ ಹೊರುವ ಜಂತೆಗಳಿಗೆ ದೊಡ್ಡ ಮರ ಸಿಗಲಿಲ್ಲ. ಕಾಡಿನವನೊಬ್ಬ ಹದಿಮೂರು ದುಂಡು ಗಳಗಳನ್ನು ತಂದುಹಾಕಿದ. ಒಂದೂ ನೆಟ್ಟಗಿರಲಿಲ್ಲ. ಮೈತುಂಬ ಗಂಟು, ನಡುವೆ ಗೂನು.

ಬಡಗಿ ಅವುಗಳನ್ನು ನೋಡಿ ಮುಖ ಸಿಂಡರಿಸಿದ. ಕಾಡಿನವನು ಹೇಳಿದ: "ಸಿಪ್ಪೆಯೊಂದನ್ನು ಸುಲಿ ಮೇಸ್ತ್ರಿ, ಇಲ್ಲದಿದ್ರೆ ಹುಳ ಬೀಳುತ್ತೆ. ಮೈ ಮಾತ್ರ ಕೆತ್ತಬೇಡ. ಗೂನನ್ನು ಮೇಲಕ್ಕೆ ಮಾಡಿ ಇಡು. ಭಾರ ಬಿದ್ದಾಗ ಅದೇ ಎದೆ ಕೊಡುತ್ತೆ."

"ನಿನ್ನ ದನದ ಕೊಟ್ಟಿಗೆಗೆ ಹಾಗೆ ಇಟ್ಕೋ ಮಾರಾಯ," ಎಂದ ಬಡಗಿ. "ಇದು ನಾನು ಕಟ್ಟೋ ಅಟ್ಟ. ದಾರ ಹಿಡಿದರೆ ಕೂದಲೆಳೆ ಆಚೀಚೆ ಆಗಬಾರದು."

ಅವನು ಮರ ಕೆತ್ತುವ ಬಾಚಿ ಹಿಡಿದು ಕೂತ. ಗಂಟುಗಳನ್ನು ಹಾರಿಸಿದ. ಗೂನುಗಳನ್ನು ಸವರಿದ. ದುಂಡಗಿದ್ದುದನ್ನು ಚೌಕ ಮಾಡಿದ. ಮರದ ಎಳೆ ಬುಡದಿಂದ ತುದಿಯವರೆಗೆ ಒಂದೇ ಆಗಿ ಓಡುತ್ತದೆ, ಗಂಟು ಬಂದಲ್ಲಿ ಅದನ್ನು ಬಳಸಿಕೊಂಡು ಹೋಗುತ್ತದೆ. ಬಾಚಿ ತಗಲಿದಲ್ಲೆಲ್ಲ ಆ ಎಳೆ ಕಡಿಯಿತು. ಅದು ಹೊರಗಿನಿಂದ ಕಾಣಲಿಲ್ಲ.

ಹನ್ನೆರಡು ಜಂತೆಗಳು ನುಣ್ಣಗೆ, ನೆಟ್ಟಗೆ ಸಾಲಾಗಿ ಕೂತವು. ಹದಿಮೂರನೆಯ ಗಳ ಎಲ್ಲಕ್ಕಿಂತ ಗಂಟುಗಂಟಾಗಿತ್ತು. ಎರಡು ಏಟಿಗೆ ಬಾಚಿಯ ಬಾಯಿ ಮುರಿಯಿತು. ಬಡಗಿಯ ರಟ್ಟೆ ಬಿದ್ದುಹೋಗಿತ್ತು. ಸಿಪ್ಪೆ ಸುಲಿದು, ಗೂನನ್ನು ಮೇಲೆ ಮಾಡಿ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಅದನ್ನು ಇಟ್ಟುಬಿಟ್ಟ. ಹಲಗೆ ಹೊಡೆದು ಮನೆಗೆ ಹೋದ. ಆ ಒಂದು ಜಂತೆಯ ನಾಚಿಕೆ ಅವನನ್ನು ಬಹಳ ದಿನ ಕಾಡಿತು.

ಸುಗ್ಗಿ ಬಂತು. ಅಟ್ಟದ ತುಂಬ ಚೀಲ ಏರಿಸಿದರು. ಒಂದು ಮಧ್ಯಾಹ್ನ ನಡುವಿನ ಮೂರು ಜಂತೆಗಳು, ಸರಿಯಾಗಿ ಗಂಟು ಹಾರಿಸಿದ ಜಾಗದಲ್ಲೇ, ಕೆಳಗಿನಿಂದ ಬಿರಿದವು. ಕೆತ್ತಿದ ಉಳಿದ ಒಂಬತ್ತೂ ಒಂದರ ಹಿಂದೆ ಒಂದು ಮುರಿದವು. ಕೆಳಗೆ ಒಬ್ಬ ಹಮಾಲಿ ಚೀಲ ಹೊಲಿಯುತ್ತಿದ್ದ. ಸದ್ದು ಕೇಳಿ ಮೂಲೆಗೆ ಹಾರಿ ಗೋಡೆಗೆ ಒರಗಿದ. ಅವನ ತಲೆಯ ಮೇಲಿನ ಜಂತೆ ನರಳಿತು. ಮುರಿಯಲಿಲ್ಲ. ಹಮಾಲಿ ಉಳಿದ.

ವ್ಯಾಪಾರಿ ಬಡಗಿಯನ್ನು ಕರೆಸಿದ. ಮೂಲೆಯ ಜಂತೆಯನ್ನು ತೋರಿಸಿ, "ಒಂದು ಜೀವ ಉಳಿಸಿದ್ದು ಇದು. ಎಲ್ಲವನ್ನೂ ಹೀಗೇ ಯಾಕಯ್ಯಾ ಮಾಡಲಿಲ್ಲ?" ಎಂದು ಕೇಳಿದ.

ಬಡಗಿ ತಲೆ ಎತ್ತಲಿಲ್ಲ. "ಬೇರೆಯವನ್ನು ಮಾಡುವಾಗ ನನ್ನ ಕೈಯಲ್ಲಿ ಬಲ ಇತ್ತು ಸ್ವಾಮಿ," ಎಂದ.

ಗುರುಗಳು ಕತೆ ನಿಲ್ಲಿಸಿದರು. ಅಂಗಳದ ಆಚೆ ಚೆನ್ನಮಲ್ಲ ಯಾರೊಂದಿಗೋ ವಾದಿಸುತ್ತ ನಗುತ್ತಿದ್ದುದು ಕೇಳಿಸಿತು. ಉಳಿದ ಹನ್ನೆರಡು ಮಂದಿ ಹೊಸಬರು ಸಾಲಾಗಿ, ನೆಟ್ಟಗೆ, ಸದ್ದಿಲ್ಲದೆ ಕೂತಿದ್ದರು. ಶಿಷ್ಯ ಆ ಸಾಲನ್ನು ನೋಡಿದ.

ಗುರುಗಳು ಎಂದರು: "ನಿನಗೆ ದಣಿವಾದದ್ದು ಒಳ್ಳೆಯದೇ ಆಯಿತು, ಅವನೊಬ್ಬನಾದರೂ ಉಳಿದ."