ಹದಿನಾಲ್ಕರಲ್ಲಿ ಉಳಿಸಿಕೊಂಡ ಒಂದು

“ಬುದ್ಧಿ, ನೀವು ಬಿಡು ಎಂದದ್ದನ್ನೆಲ್ಲ ಬಿಟ್ಟೆ. ಇಸ್ಪೀಟು ಬಿಟ್ಟೆ, ಬೈಗುಳ ಬಿಟ್ಟೆ, ಕಾಫಿಯನ್ನೂ ಬಿಟ್ಟೆ. ಆದರೂ ಪೂಜೆಗೆ ಕುಳಿತರೆ ಮನಸ್ಸು ಅದೇ ಜಾಗಕ್ಕೆ ಬಂದು ಕುಸಿಯುತ್ತದೆ. ಇನ್ನೇನು ಬಿಡಬೇಕು?” ಎಂದು ಶಿಷ್ಯ ಕೇಳಿದ.

“ಕಾಫಿ ಬಿಡು ಅಂತ ನಾನು ಹೇಳಿರಲಿಲ್ಲ,” ಎಂದರು ಗುರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗೃಹಸ್ಥನಿದ್ದ. ಅವನ ಮನೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಅವನ ಹೆಂಡತಿ ಅದರ ಮುಂದೆ ಕುಳಿತು ಬೇರೆಯವರ ಪಿಎಚ್.ಡಿ. ಪ್ರಬಂಧಗಳನ್ನು ಟೈಪು ಮಾಡಿಕೊಡುತ್ತಿದ್ದಳು. ಅಕ್ಷರ ತಪ್ಪಿದ್ದರೆ ತಿದ್ದುತ್ತಿದ್ದಳು. ವಾದ ತಪ್ಪಿದ್ದರೆ ಅದನ್ನೂ ತಿದ್ದುತ್ತಿದ್ದಳು. ಹೀಗೆ ಒಂಬತ್ತು ಜನ ಡಾಕ್ಟರಾದರು.

ಹಿಂದೆ ಅವಳೂ ಸಂಶೋಧನೆಗೆ ಅರ್ಜಿ ಹಾಕಿದ್ದಳು. ಸೀಟು ಸಿಕ್ಕಿತ್ತು. ಆ ಪತ್ರ ಬಂದದ್ದು ಗಂಡನ ಇ-ಮೇಲಿಗೆ. ಆಗ ಅವಳಿಗೆ ಬೇರೆ ಇ-ಮೇಲ್ ಇರಲಿಲ್ಲ. ಅವನು ಓದಿದ. ಹೆಂಡತಿ ಮೂರು ವರ್ಷ ಬೇರೆ ಊರಿನ ಹಾಸ್ಟೆಲಿನಲ್ಲಿರುವುದು ಅವನಿಗೆ ಬೇಕಿರಲಿಲ್ಲ. “ಏನೂ ಉತ್ತರ ಬಂದಿಲ್ಲ,” ಎಂದ. ತಾನು ಅಷ್ಟಕ್ಕೆ ಯೋಗ್ಯಳಲ್ಲ ಎಂದು ಅವಳು ತಿಳಿದುಕೊಂಡಳು.

ಅವನು ಪತ್ರವನ್ನು ಅಳಿಸಲಿಲ್ಲ. ಅಳಿಸಿದರೆ ತಪ್ಪು ಮಾಡಿದಂತೆ. ಇಟ್ಟುಕೊಂಡರೆ ಮುಂದೊಂದು ದಿನ ತೋರಿಸುವವನಂತೆ. ಅದನ್ನು ಒಂದು ಫೋಲ್ಡರಿಗೆ ಹಾಕಿ, ಆ ಫೋಲ್ಡರ್ ಯಾರ ಕಣ್ಣಿಗೂ ಬೀಳದಂತೆ ಮರೆಮಾಡುವ ಒಂದು ಪ್ರೋಗ್ರಾಂ ತಂದು ಹಾಕಿದ. ಹತ್ತು ವರ್ಷ ಕಳೆಯಿತು. ಆ ಒಂದು ದಿನ ಬರಲಿಲ್ಲ.

ಕಂಪ್ಯೂಟರ್ ಕಾಲಕ್ಕೆ ತಕ್ಕಂತೆ ಹೊಸದಾಗುತ್ತಾ ಬಂತು. ಮರೆಮಾಡುವ ಪ್ರೋಗ್ರಾಂ ಹಳೆಯದಾಗಿಯೇ ಉಳಿಯಿತು. ಎರಡಕ್ಕೂ ಹೊಂದಾಣಿಕೆ ತಪ್ಪಿತು. ಫೈಲು ಹುಡುಕಲು ವಿಂಡೋ ತೆರೆದರೆ ಅದು ಅರೆಗಳಿಗೆ ನಿಂತು, ಬಿಳುಚಿಕೊಂಡು, ತಾನೇ ಮುಚ್ಚಿಕೊಳ್ಳುತ್ತಿತ್ತು. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಕ್ಕೆ ಹತ್ತು ಸಲ. ಆಯುಧಪೂಜೆಯಲ್ಲಿ ಕಂಪ್ಯೂಟರಿಗೆ ಎರಡು ನಿಂಬೆಹಣ್ಣು ಹೆಚ್ಚಿಗೆ ಇಟ್ಟರು. ಗುಣ ಕಾಣಲಿಲ್ಲ.

ರಿಪೇರಿಯವನನ್ನು ಕರೆಸಿದರು. ಅವನು ಕೆಲಸ ಬಲ್ಲವನು.

“ಕಂಪ್ಯೂಟರ್ ಜೊತೇಲಿ ಬಂದಿದ್ದಲ್ಲ ಸಾರ್, ನೀವು ಆಮೇಲೆ ಹಾಕ್ಕೊಂಡಿರೋ ಪ್ರೋಗ್ರಾಮುಗಳು ಆ ವಿಂಡೋ ಒಳಗೆ ಕೈ ಹಾಕ್ತವೆ. ಹದಿನಾಲ್ಕಿವೆ. ಎಲ್ಲಾ ಆಫ್ ಮಾಡಿ. ಆಮೇಲೆ ಒಂದೊಂದೇ ಆನ್ ಮಾಡ್ತಾ ಬನ್ನಿ. ಯಾವುದು ಆನ್ ಆದಾಗ ವಿಂಡೋ ಮುಚ್ಚಿ ಬೀಳುತ್ತೋ ಅದೇ ಕಳ್ಳ.”

“ಅದನ್ನ ನಾನೇ ಮಾಡ್ತೀನಿ ಬಿಡು,” ಎಂದ ಗೃಹಸ್ಥ. ರಿಪೇರಿಯವನನ್ನು ತಿಂಡಿಗೆ ಒಳಗೆ ಕಳಿಸಿ ಹದಿಮೂರನ್ನು ಆಫ್ ಮಾಡಿದ. ಹದಿನಾಲ್ಕನೆಯದನ್ನೂ ಮಾಡಿದರೆ ಫೋಲ್ಡರ್ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ವಿಂಡೋ ತೆರೆದ. ಅದು ಬಿತ್ತು.

“ಎಲ್ಲಾ ಆಫ್ ಮಾಡಿ ನೋಡಿದೆ ಕಣಯ್ಯ. ತಪ್ಪು ಅವುಗಳದ್ದಲ್ಲ,” ಎಂದ.

ರಿಪೇರಿಯವನು ಬಾಯಿ ಒರೆಸಿಕೊಂಡು ಬಂದು ಪಟ್ಟಿ ನೋಡಿದ. ಒಂದು ಇನ್ನೂ ಆನ್ ಇತ್ತು. ಅದು ಏನು ಮಾಡುತ್ತದೆಂದು ಅದರ ಹೆಸರೇ ಹೇಳುತ್ತಿತ್ತು. ಅವನು ಗೃಹಸ್ಥನ ಮುಖ ನೋಡಿದ. ಪಟ್ಟಿ ಮುಚ್ಚಿದ. “ಮೆಮೊರಿ ಬದಲಾಯಿಸಿ ನೋಡೋಣ ಸಾರ್,” ಎಂದ.

ಮೆಮೊರಿ ಬದಲಾಯಿತು. ಆಮೇಲೆ ಒಳಗಿನ ವೈರು, ಆಮೇಲೆ ಫ್ಯಾನು. ವೈರಸ್ ಹುಡುಕುವ ಪ್ರೋಗ್ರಾಂ ಒಂದನ್ನು ಹಾಕಿದರು, ಪಟ್ಟಿ ಹದಿನೈದಾಯಿತು. ವಿಂಡೋ ಬೀಳುತ್ತಲೇ ಇತ್ತು. ರಿಪೇರಿಯವನು ಬರುತ್ತಲೇ ಇದ್ದ.

ಒಂದು ದಿನ ಒಬ್ಬ ಪ್ರೊಫೆಸರು ಗೃಹಸ್ಥನ ಹೆಂಡತಿಗೆ ಫೋನು ಮಾಡಿದರು. ಆಕೆ ಟೈಪು ಮಾಡಿಕೊಟ್ಟ ತಮ್ಮ ವಿದ್ಯಾರ್ಥಿಯ ಪ್ರಬಂಧದಲ್ಲಿ ಅವನ ಯೋಗ್ಯತೆ ಮೀರಿದ ಒಂದು ಅಧ್ಯಾಯವಿದ್ದದ್ದು ಅವರಿಗೆ ತಿಳಿದಿತ್ತು.

“ಇದು ಆ ಪುಣ್ಯಾತ್ಮನ ತಲೇಲಿ ಹುಟ್ಟಿದ್ದಲ್ಲ ಅಂತ ಗೊತ್ತಮ್ಮ. ನಿಮ್ಮದೇ ಬರಹ ಏನಾದರೂ ಇದ್ದರೆ ಶುಕ್ರವಾರ ಐದು ಗಂಟೆಯೊಳಗೆ ಕಳಿಸಿ. ನನ್ನ ಹತ್ತಿರ ಒಂದು ಸೀಟಿದೆ. ಈ ವರ್ಷ ಮುಗಿದರೆ ನಾನು ರಿಟೈರು.”

ಅವಳದೇ ಬರಹ ಇತ್ತು. ನೂರಿಪ್ಪತ್ತು ಪುಟ. ಅದೇ ಕಂಪ್ಯೂಟರಿನಲ್ಲಿ.

ಶುಕ್ರವಾರ ಮಧ್ಯಾಹ್ನ ಅವಳು ಕುಳಿತಳು. ಬರಹವನ್ನು ಇ-ಮೇಲಿಗೆ ಸೇರಿಸಬೇಕೆಂದರೂ ಅದೇ ವಿಂಡೋ ತೆರೆಯಬೇಕು. ಪೆನ್‌ಡ್ರೈವಿಗೆ ಹಾಕಬೇಕೆಂದರೂ ಅದೇ. ತೆರೆದಳು. ಬಿತ್ತು. ಮೂವತ್ತು ಸಲ ತೆರೆದಳು. ಮೂವತ್ತು ಸಲವೂ ಬಿತ್ತು. ರಿಪೇರಿಯವನಿಗೆ ಹೇಳಿ ಕಳಿಸಿದಳು.

“ಸಿಪಿಯು ಅಂಗಡಿಗೆ ತಗೊಂಡು ಹೋಗಿ ಫೈಲು ತೆಗೆದುಕೊಡ್ಲಾ?” ಎಂದು ಅವನು ಕೇಳಿದ.

“ಅದು ಮನೆ ಬಿಟ್ಟು ಹೋಗೋದು ಬೇಡ,” ಎಂದ ಗೃಹಸ್ಥ.

ನಾಲ್ಕೂವರೆಯಾಗಿತ್ತು. “ನಿಜ ಹೇಳಪ್ಪಾ, ಇದಕ್ಕೆ ಏನಾಗಿದೆ?” ಎಂದಳು ಅವಳು.

ರಿಪೇರಿಯವನ ಕೈ ಮೌಸಿನ ಮೇಲಿತ್ತು. ಪಟ್ಟಿ ತೆರೆದೇ ಇತ್ತು. ಹದಿನಾಲ್ಕನೆಯದನ್ನು ಆಫ್ ಮಾಡಲು ಒಂದು ಕ್ಲಿಕ್ ಸಾಕು. ಗೃಹಸ್ಥ ಅವನನ್ನು ನೋಡಿದ. ಅವನು ಗೃಹಸ್ಥನನ್ನು ನೋಡಿದ.

“ಹಳೇ ಮಿಷನ್ನು ಅಕ್ಕ. ಇಷ್ಟು ದಿನ ಬಂದಿದ್ದೇ ಹೆಚ್ಚು.”

ಐದು ಹೊಡೆಯಿತು.

“ಹೋಗಲಿ ಬಿಡಿ,” ಎಂದು ಅವಳು ಗಂಡನಿಗೆ ಹೇಳಿದಳು. “ಕಳಿಸಿದ್ದರೂ ಆಗ್ತಿರಲಿಲ್ಲ. ಆವಾಗ ಅರ್ಜಿ ಹಾಕಿದಾಗ ಯೂನಿವರ್ಸಿಟಿಯವರು ಒಂದು ಉತ್ತರಾನೂ ಬರೀಲಿಲ್ಲವಲ್ಲ.”

“ಬೇಜಾರು ಮಾಡ್ಕೋಬೇಡ,” ಎಂದ ಗಂಡ.

ಮಾರನೆಯ ದಿನದಿಂದ ಅವಳು ಟೈಪು ಮಾಡುವುದನ್ನು ಬಿಟ್ಟಳು. ಕಂಪ್ಯೂಟರಿನ ಮೇಲೆ ಒಂದು ಹಳೆಯ ಟವೆಲು ಹೊದಿಸಿದರು. ಆಮೇಲೆ ವಿಂಡೋ ಒಂದು ಸಲವೂ ಬೀಳಲಿಲ್ಲ. ತೆರೆಯುವವರಿರಲಿಲ್ಲ.

ಗುರು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯನ ಮುಖ ಕೆಂಪಾಗಿತ್ತು. “ಗಂಡನದು ಬಿಡಿ, ಅವನಿಗೆ ಭಯ. ಆ ರಿಪೇರಿಯವನಿಗೇನು ಬಂದಿತ್ತು ಬುದ್ಧಿ? ಅವನಿಗೆ ಮೊದಲೇ ಗೊತ್ತಿತ್ತಲ್ಲ, ಯಾಕೆ ಬಾಯಿ ಬಿಡಲಿಲ್ಲ?”

“ಆ ಮನೆಯಲ್ಲಿ ಅವನಿಗೆ ಕುರ್ಚಿ ಹಾಕುತ್ತಿದ್ದರು. ಹಬ್ಬ ಬಂದರೆ ಊಟಕ್ಕೆ ಕರೆಯುತ್ತಿದ್ದರು. ಹೇಳಿದ್ದರೆ ಮತ್ತೆ ಕರೆಯುತ್ತಿರಲಿಲ್ಲ.”

“ಥೂ, ಅವನೂ ಒಬ್ಬ ಮನುಷ್ಯನೇ?” ಎಂದ ಶಿಷ್ಯ.

“ನೀನು ಈ ಮಠಕ್ಕೆ ಬಂದ ಮೊದಲ ದಿನವೇ ನಿನ್ನ ಹದಿನಾಲ್ಕನೆಯದೂ ನನಗೆ ಗೊತ್ತಾಗಿತ್ತು. ನಾನೂ ಬಾಯಿ ಬಿಡಲಿಲ್ಲ,” ಎಂದರು ಗುರು.